ಪತ್ರದಲ್ಲಿಲ್ಲದ ರೊಕ್ಕ

ಕಾನಹೊಸಹಳ್ಳಿ ಕಡೆ ಮನೆ ಮಾರಲು ಹೊರಟವರು ಹೆಚ್ಚಾಗಿ ಅವಸರದಲ್ಲಿರುತ್ತಾರೆ. ಮಗಳ ಮದುವೆ, ಆಸ್ಪತ್ರೆ ಖರ್ಚು, ಮಳೆ ಕೈಕೊಟ್ಟ ವರ್ಷದ ಸಾಲ. ಇಲ್ಲವೇ ಗುಳೆ ಹೋದ ಸಂಸಾರ ಬೆಂಗಳೂರಲ್ಲೇ ನೆಲೆನಿಂತು, ಊರಲ್ಲಿ ಬೀಗ ಹಾಕಿದ ಮನೆ ಬೇಡವಾಗಿರುತ್ತದೆ. "ಬ್ಯಾಂಕ್ ಸಾಲದ ತಂಟೆ ಇಲ್ಲ, ಪೂರ್ತಿ ರೊಕ್ಕ ಕೈಗೆ ಕೊಡ್ತೀವಿ, ಇದೇ ವಾರ ರಿಜಿಸ್ಟ್ರಿ" ಎನ್ನುವ ಗಿರಾಕಿ ಬಂದರೆ ಇಂಥವರಿಗೆ ದೇವರೇ ಬಂದಂತೆ. ಅಮೆರಿಕದಲ್ಲಿ ಇದೇ ಒಂದು ಉದ್ಯಮ. ರಿಪೇರಿಯಾದ ಮೇಲೆ ಮನೆ ಎಷ್ಟು ಬಾಳುತ್ತದೋ ಅದರ ನೂರಕ್ಕೆ 70ರಷ್ಟು ತೆಗೆದು, ಅದರಲ್ಲೂ ರಿಪೇರಿ ಖರ್ಚು ಮುರಿದುಕೊಂಡು ಬೆಲೆ ಹೇಳುವುದು ಅಲ್ಲಿನ ನಗದು ಗಿರಾಕಿಗಳ ರೂಢಿ. ಕಡಿಮೆ ಬೆಲೆ ಕಣ್ಣಿಗೆ ಕಾಣುವ ನಷ್ಟ. ಬೇಕಾದರೆ ಒಲ್ಲೆ ಎನ್ನಬಹುದು. ನನಗೆ ಭಯವಿರುವುದು ಕಾಣದ ನಷ್ಟದ ಬಗ್ಗೆ.

ಹದಿನೈದು ಲಕ್ಷಕ್ಕೆ ಮಾತಾಯಿತು ಅಂತಿಟ್ಟುಕೊಳ್ಳಿ. ಕ್ರಯಪತ್ರದಲ್ಲಿ ಬರೆಸುವುದು ಸರ್ಕಾರದ ಮಾರ್ಗಸೂಚಿ ಬೆಲೆಯಷ್ಟೇ, ಆರು ಲಕ್ಷ. ಮಿಕ್ಕ ಒಂಬತ್ತು ಲಕ್ಷ ಚೀಲದಲ್ಲಿ. ಇದರಿಂದ ಮುದ್ರಾಂಕ ಶುಲ್ಕ ಉಳಿಯುವುದು ಕೊಳ್ಳುವವನಿಗೆ. 2025ರ ಆಗಸ್ಟ್ 31ರಿಂದ ರಾಜ್ಯದಲ್ಲಿ ನೋಂದಣಿ ಶುಲ್ಕವೂ ನೂರಕ್ಕೆ 1ರಿಂದ 2ಕ್ಕೆ ಏರಿದೆ. ಪತ್ರದ ಬೆಲೆ ಇಳಿಸುವ ಆಸೆ ಇನ್ನಷ್ಟು ಬೆಳೆಯುತ್ತದೆ.

ಅಪಾಯ ಮಾತ್ರ ಮಾರುವವನ ಪಾಲಿಗೆ. ಸ್ಥಿರಾಸ್ತಿ ಮಾರಾಟದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚನ್ನು, ಮುಂಗಡವೇ ಆಗಲಿ, ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು 2015ರ ಜೂನ್ 1ರಿಂದ ನಿಷೇಧಿಸಿತು. ತಕ್ಕ ಕಾರಣ ತೋರಿಸಲಾಗದಿದ್ದರೆ, ಪಡೆದಷ್ಟೇ ಮೊತ್ತದ ದಂಡ. ಅದೂ ಕೊಟ್ಟವನಿಗಲ್ಲ, ಪಡೆದವನಿಗೆ. ಒಂಬತ್ತು ಲಕ್ಷ ಪಡೆದರೆ ಒಂಬತ್ತು ಲಕ್ಷ ದಂಡ. ಇಬ್ಬರದೂ ಬೇಸಾಯದ ಆದಾಯವಾಗಿದ್ದು, ತೆರಿಗೆ ಬೀಳುವ ಬೇರೆ ಆದಾಯ ಇಬ್ಬರಿಗೂ ಇಲ್ಲದಿದ್ದರೆ ವಿನಾಯಿತಿ ಉಂಟು ನಿಜ. ಮನೆ ಕೊಂಡು ಮಾರುವುದನ್ನೇ ವ್ಯಾಪಾರ ಮಾಡಿಕೊಂಡ ಗಿರಾಕಿ ಎದುರಿಗಿರುವಾಗ ಅದು ಹೇಗೆ ಒದಗೀತು?

"ಯಾರು ನೋಡ್ತಾರೆ" ಎಂಬ ಧೈರ್ಯಕ್ಕೂ ಈಗ ಆಸ್ಪದವಿಲ್ಲ. ಬೆಂಗಳೂರಿನ ಆರ್‌ಬಿಎಎನ್‌ಎಂಎಸ್ ಶಿಕ್ಷಣ ಸಂಸ್ಥೆಯ ಆಸ್ತಿಯ ವಿಚಾರದಲ್ಲಿ ಕೆಲವರು, ತಾವು 75 ಲಕ್ಷ ರೂಪಾಯಿ ಮುಂಗಡ ನಗದಾಗಿ ಕೊಟ್ಟಿದ್ದೇವೆಂದು ದಾವೆ ಹೂಡಿದ್ದರು. 2025ರ ಏಪ್ರಿಲ್ 16ರಂದು ಸುಪ್ರೀಂ ಕೋರ್ಟ್ ಆ ದಾವೆಯನ್ನು ತಳ್ಳಿಹಾಕಿತು. ಅಷ್ಟಕ್ಕೇ ನಿಲ್ಲಲಿಲ್ಲ. ಎರಡು ಲಕ್ಷ ಅಥವಾ ಹೆಚ್ಚು ನಗದು ಕೊಟ್ಟ ಮಾತು ದಾವೆಯಲ್ಲಿ ಬಂದರೆ ನ್ಯಾಯಾಲಯ, ನೋಂದಣಿಗೆ ತಂದ ಪತ್ರದಲ್ಲಿ ಬಂದರೆ ಉಪನೋಂದಣಾಧಿಕಾರಿ, ಆದಾಯ ತೆರಿಗೆ ಇಲಾಖೆಗೆ ತಿಳಿಸಲೇಬೇಕು ಎಂದು ಆದೇಶಿಸಿತು.

ಇನ್ನು ಬಾಕಿ ಉಳಿದ ಹಣದ ಕಥೆ. "ಸಹಿ ಹಾಕ್ರಿ, ಉಳಿದದ್ದು ಸಂಜೆ ಮನೆಗೆ ಬರ್ತದೆ" ಎಂಬ ಮಾತು ನಂಬಿ ಹೆಬ್ಬೆಟ್ಟು ಒತ್ತಿದವರಿದ್ದಾರೆ. ಗುಜರಾತಿನ ದಹಿಬೆನ್ ಪ್ರಕರಣವನ್ನು ಅಂಥವರಿಗೆ ಯಾರಾದರೂ ಓದಿ ಹೇಳಬೇಕು. ಸೂರತ್ ಕಡೆಯ ಜಮೀನು, ಪತ್ರದಲ್ಲಿ ಬೆಲೆ 1.74 ಕೋಟಿ, 36 ಚೆಕ್ಕುಗಳ ವಿವರ. ತಮಗೆ ಸಿಕ್ಕಿದ್ದು 40,000 ರೂಪಾಯಿ ಮಾತ್ರ ಎಂದು ಮಾರಿದವರು ದಾವೆ ಹೂಡಿದ್ದು ಐದು ವರ್ಷ ಕಳೆದ ಮೇಲೆ, 2014ರಲ್ಲಿ. ದಾವೆ ಹೂಡುವ ಅವಧಿ ಮೀರಿದೆ. ಅದಲ್ಲದೆ, ಬೆಲೆಯ ಬಾಕಿ ಬಂದಿಲ್ಲವೆಂಬ ಕಾರಣಕ್ಕೆ ನೋಂದಣಿಯಾದ ಕ್ರಯಪತ್ರ ರದ್ದಾಗದು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಬಾಕಿ ವಸೂಲಿಗೆ ದಾರಿ ಇದೆ, ಮನೆ ಮಾತ್ರ ತಿರುಗಿ ಬರುವುದಿಲ್ಲ. ಅಲ್ಲಿ ಚೆಕ್ ನಂಬರುಗಳಾದರೂ ಇದ್ದವು. ಪತ್ರದಲ್ಲಿ ಹೆಸರೇ ಇಲ್ಲದ ಒಂಬತ್ತು ಲಕ್ಷಕ್ಕೆ ಏನನ್ನು ತೋರಿಸುವುದು? ಆದ್ದರಿಂದ ಪೂರ್ತಿ ಬೆಲೆ ಪತ್ರದಲ್ಲಿ ಬರಲಿ, ಡಿಡಿ ಅಥವಾ ಆರ್‌ಟಿಜಿಎಸ್ ವಿವರ ಅದರಲ್ಲೇ ಇರಲಿ, ಖಾತೆಗೆ ಹಣ ಬಿದ್ದದ್ದನ್ನು ಪಾಸ್‌ಬುಕ್ಕಿನಲ್ಲಿ ನೋಡಿದ ಮೇಲೆಯೇ ಸಹಿ ಹಾಕಿ. ಒಪ್ಪದ ಗಿರಾಕಿಯನ್ನು ಕಳಿಸಿಬಿಡಿ.

ಕೊನೆಯದು ಇಡೀ ಊರಿನ ಮಾತು. ರಾಷ್ಟ್ರೀಯ ಹೆದ್ದಾರಿ 50 ನಮ್ಮ ಮಗ್ಗುಲಲ್ಲೇ ಹಾದಿದೆ. ರಸ್ತೆಗೋ ಮತ್ತಾವ ಯೋಜನೆಗೋ ಜಾಗ ಹೋದಾಗ 2013ರ ಭೂಸ್ವಾಧೀನ ಕಾಯ್ದೆಯಂತೆ ಎರಡು ಲೆಕ್ಕ ನೋಡುತ್ತಾರೆ: ಒಂದು ಮಾರ್ಗಸೂಚಿ ಬೆಲೆ, ಇನ್ನೊಂದು ಹಿಂದಿನ ಮೂರು ವರ್ಷಗಳಲ್ಲಿ ಆಸುಪಾಸಿನಲ್ಲಿ ನೋಂದಣಿಯಾದ ಕ್ರಯಪತ್ರಗಳಲ್ಲಿ ಹೆಚ್ಚು ಬೆಲೆ ತೋರಿಸಿದ ಅರ್ಧದಷ್ಟು ಪತ್ರಗಳ ಸರಾಸರಿ. ಯಾವುದು ಹೆಚ್ಚೋ ಅದು. ಊರಿನ ಪತ್ರಗಳೆಲ್ಲ ಆರು ಲಕ್ಷದವೇ ಆಗಿದ್ದರೆ ಹೆಚ್ಚಿನದನ್ನು ಎಲ್ಲಿಂದ ಆರಿಸುವುದು? ನೋಟಿಸು ಬಂದ ದಿನ ಅಧಿಕಾರಿಯ ಮೇಜಿನ ಮೇಲಿರುವುದು ಆ ಪತ್ರಗಳೇ. ಮಾರಿದವರು ಆಗ ಬೆಂಗಳೂರಿನಲ್ಲಿರುತ್ತಾರೆ. ಕಡಿಮೆ ಪರಿಹಾರಕ್ಕೆ ಸಹಿ ಹಾಕುವವರು ಅವರ ಪಕ್ಕದ ಮನೆಯವರು.