ಸಿಪ್ಪೆ ಸುಟ್ಟರೆ ಹೊಗೆ, ಕೊಳೆಸಿದರೆ ಗೊಬ್ಬರ

ಅಡಿಕೆ ಕೊಯ್ಲಿನ ಕಾಲದಲ್ಲಿ ಶಿಕಾರಿಪುರದಿಂದ ಶಿರಾಳಕೊಪ್ಪ ದಾಟಿ ಸೊರಬದ ಕಡೆ ಬಸ್ಸಲ್ಲಿ ಹೋದವರಿಗೆಲ್ಲ ಗೊತ್ತಿರೋ ದೃಶ್ಯ ಇದು: ರಸ್ತೆ ಬದಿಯಲ್ಲಿ, ಕೆರೆ ಏರಿ ಪಕ್ಕದಲ್ಲಿ ಅಡಿಕೆ ಸಿಪ್ಪೆಯ ರಾಶಿ. ಕೆಲವಕ್ಕೆ ಬೆಂಕಿ ಹಚ್ಚಿರುತ್ತಾರೆ. ಸಿಪ್ಪೆ ಧಗಧಗ ಅಂತ ಉರಿಯೋದಿಲ್ಲ, ಒಳಗೊಳಗೇ ದಿನಗಟ್ಟಲೆ ಹೊಗೆಯಾಡುತ್ತೆ. ಬೈಕಿನವರಿಗೆ ಮುಂದಿನ ತಿರುವು ಕಾಣಲ್ಲ, ಹತ್ತಿರದ ಮನೆಗಳಲ್ಲಿ ಕೆಮ್ಮು ನಿಲ್ಲಲ್ಲ.

ಇದನ್ನ ನಾವು ‘ಕಸದ ಸಮಸ್ಯೆ’ ಅಂತ ಕರೀತೀವಿ. ಆದರೆ ಲೆಕ್ಕ ಹಾಕಿ ನೋಡಿದರೆ ಇದು ಕಸವೇ ಅಲ್ಲ, ತಪ್ಪು ಜಾಗದಲ್ಲಿ ಬಿದ್ದಿರೋ ಗೊಬ್ಬರ. ಅದನ್ನ ಸರಿಯಾದ ಜಾಗಕ್ಕೆ ತಲುಪಿಸೋದು ಎಂಜಿನಿಯರಿಂಗ್ ಪ್ರಶ್ನೆ.

ಎಷ್ಟು ಸಿಪ್ಪೆ?

ಹಸಿ ಅಡಿಕೆ ಕಾಯಿಯ ತೂಕದಲ್ಲಿ ಸುಮಾರು 60ರಿಂದ 80 ಭಾಗ ಬರೀ ಸಿಪ್ಪೆ. ಒಂದು ಕ್ವಿಂಟಲ್ ಹಸಿ ಕಾಯಿ ಸುಲಿದು, ಬೇಯಿಸಿ, ಒಣಗಿಸಿದರೆ ಕೈಗೆ ಬರೋದು ಸುಮಾರು 12ರಿಂದ 14 ಕೆ.ಜಿ. ಕೆಂಪಡಿಕೆ. ಅಂದ್ರೆ ಒಂದು ಕ್ವಿಂಟಲ್ ಕೆಂಪಡಿಕೆ ಮಾರುಕಟ್ಟೆಗೆ ಹೋಗಬೇಕಾದರೆ, ಅದರ ಹಿಂದೆ ಕಡಿಮೆ ಅಂದ್ರೂ ನಾಲ್ಕು ಕ್ವಿಂಟಲಿಗಿಂತ ಹೆಚ್ಚು ಹಸಿ ಸಿಪ್ಪೆ ಉಳಿದಿರುತ್ತೆ. ಒಂದು ಸೀಸನ್ನಿಗೆ ಒಂದು ಊರಿಂದ ಎಷ್ಟು ಲೋಡ್ ಹೊರಡುತ್ತೆ, ನೀವೇ ಗುಣಿಸಿ ನೋಡಿ.

ಸಿಪ್ಪೆ ತೋಟ ಬಿಟ್ಟಿದ್ದು ಹೇಗೆ?

ಮೊದಲು ಈ ರಾಶಿ ರಸ್ತೆಗೆ ಬರ್ತಾ ಇರಲಿಲ್ಲ. ಮನೆಯಂಗಳದಲ್ಲೇ ಹೆಂಗಸರು, ಗಂಡಸರು ಮೆಟ್ಟುಗತ್ತಿ ಹಿಡಿದು ಕೂತು ಸುಲೀತಿದ್ದರು. ಸಿಪ್ಪೆ ಅಲ್ಲೇ ಹಿತ್ತಲಿಗೆ, ಗೊಬ್ಬರ ಗುಂಡಿಗೆ, ಮತ್ತೆ ಮರದ ಬುಡಕ್ಕೆ. ಚಕ್ರ ತಾನಾಗೇ ಮುಚ್ಚುತ್ತಿತ್ತು.

ಆಮೇಲೆ ಎರಡು ಬದಲಾವಣೆ ಬಂದವು. ಒಂದು, ಸುಲಿಯೋ ಯಂತ್ರ. ಇನ್ನೊಂದು, ಚೇಣಿ. ಫಸಲು ಮರದಲ್ಲಿರುವಾಗಲೇ ಚೇಣಿದಾರರು ಒಪ್ಪಂದ ಮಾಡಿಕೊಂಡು, ಹತ್ತಾರು ತೋಟದ ಕಾಯಿಯನ್ನ ಒಂದೇ ಕಣಕ್ಕೆ ತಂದು ಸುಲಿಸುತ್ತಾರೆ. ಕೂಲಿಯಾಳು ಸಿಗದ ಈ ಕಾಲದಲ್ಲಿ ಸಣ್ಣ ಬೆಳೆಗಾರರಿಗೆ ಇದರಿಂದ ಅನುಕೂಲವೇ ಆಯ್ತು. ಆದರೆ ಸಿಪ್ಪೆ ಈಗ ಬೀಳೋದು ತೋಟವೇ ಇಲ್ಲದ ಜಾಗದಲ್ಲಿ. ಬೆಳೆಗಾರರಿಗೆ ಅದು ಮರೆತುಹೋದ ವಸ್ತು, ಚೇಣಿದಾರರಿಗೆ ಕಣ ಖಾಲಿ ಮಾಡೋ ತಲೆನೋವು. ಇಬ್ಬರಿಗೂ ಬೇಡದ್ದು ರಸ್ತೆ ಬದಿಗೆ ಬಂತು.

ಬೆಂಕಿಗೆ ಹೋಗೋದು ಏನೇನು?

ಸಿಪ್ಪೆ ಸುಟ್ಟಾಗ ಅದರಲ್ಲಿನ ಇಂಗಾಲ ಮತ್ತು ಸಾರಜನಕ ಹೆಚ್ಚುಕಡಿಮೆ ಪೂರ್ತಿ ಗಾಳಿಗೆ ಹೋಗುತ್ತೆ. ಪೊಟ್ಯಾಷ್ ಬೂದಿಯಲ್ಲಿ ಉಳಿಯುತ್ತೆ, ಆದರೆ ಅದು ನೀರಲ್ಲಿ ಬೇಗ ಕರಗೋ ವಸ್ತು. ರಸ್ತೆ ಬದಿಯ ಬೂದಿ ಒಂದೇ ಮಳೆಗೆ ಚರಂಡಿ ಸೇರುತ್ತೆ.

ಈಗ ಇನ್ನೊಂದು ಬದಿ ನೋಡಿ. ಅಡಿಕೆ ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್, ಜೊತೆಗೆ 12 ಕೆ.ಜಿ. ಹಸಿರೆಲೆ ಮತ್ತು 12 ಕೆ.ಜಿ. ಕಾಂಪೋಸ್ಟ್ ಕೊಡಬೇಕು ಅನ್ನೋದು ಶಿಫಾರಸು. 2.7 ಮೀಟರ್ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 550 ಮರ. ಹಾಗಾದರೆ ಎಕರೆಗೆ ಬೇಕಾದ ಪೊಟ್ಯಾಷ್ 77 ಕೆ.ಜಿ., ಅಂದ್ರೆ ಅಂಗಡಿಯ ಪೊಟ್ಯಾಷ್ ಗೊಬ್ಬರ ಎರಡೂವರೆ ಚೀಲ. ಕಾಂಪೋಸ್ಟ್ ಆರೂವರೆ ಟನ್. ನಮ್ಮ ದೇಶ ಪೊಟ್ಯಾಷ್ ಗೊಬ್ಬರವನ್ನ ಹೆಚ್ಚುಕಡಿಮೆ ಪೂರ್ತಿ ಹೊರಗಿನಿಂದಲೇ ತರಿಸಿಕೊಳ್ಳುತ್ತೆ. ಹಡಗಲ್ಲಿ ಬಂದ ಚೀಲ ತೋಟದೊಳಗೆ, ತೋಟದ್ದೇ ಪೊಟ್ಯಾಷ್ ಚರಂಡಿಗೆ!

ಒಂದು ಮಾತು ಸ್ಪಷ್ಟ ಇರಲಿ: ಬರೀ ಸಿಪ್ಪೆಯಿಂದ ಇಷ್ಟೂ ಪೂರೈಸಲ್ಲ. ಸೋಗೆ, ಸಗಣಿ, ಹಸಿರೆಲೆ ಎಲ್ಲ ಸೇರಬೇಕು. ಆದರೆ ಸಿಪ್ಪೆಯನ್ನ ಆ ಲೆಕ್ಕದಿಂದ ಹೊರಗಿಡೋಕೆ ಕಾರಣವೇ ಇಲ್ಲ.

ಗ್ಯಾಸ್ ಮಾಡಬಹುದಲ್ವಾ?

ಎಲ್ಲರೂ ಮೊದಲು ಕೇಳೋ ಪ್ರಶ್ನೆ. ಉತ್ತರ: ಸಿಪ್ಪೆಗೆ ಅದು ಹೊಂದಲ್ಲ. ಸಿಪ್ಪೆಯ ನಾರಲ್ಲಿ ಲಿಗ್ನಿನ್ ಸುಮಾರು 13ರಿಂದ 25 ಶೇಕಡಾ ಇದೆ. ಗಾಳಿಯಿಲ್ಲದ ಡೈಜೆಸ್ಟರಿನ ಬ್ಯಾಕ್ಟೀರಿಯಾಗಳಿಗೆ ಲಿಗ್ನಿನ್ ಒಡೆಯೋ ಶಕ್ತಿ ಇಲ್ಲ. ನಾರು ಮೇಲೆ ತೇಲಿ ಕೆನೆಗಟ್ಟಿ, ಗ್ಯಾಸ್ ಹೊರಬರೋ ದಾರಿಯನ್ನೂ ಕಟ್ಟುತ್ತೆ.

ಗ್ಯಾಸಿಗೆ ಸಗಣಿಯೇ ಸರಿ. ಒಂದು ಕೆ.ಜಿ. ಹಸಿ ಸಗಣಿಗೆ ಸುಮಾರು 40 ಲೀಟರ್ ಗ್ಯಾಸ್, 2 ಘನ ಮೀಟರ್ ಸ್ಥಾವರಕ್ಕೆ ದಿನಕ್ಕೆ 50 ಕೆ.ಜಿ. ಸಗಣಿ. ಕೊಟ್ಟಿಗೆ ಇರೋ ಮನೆಯಲ್ಲಿ ಗ್ಯಾಸ್ ಒಲೆಗೆ, ಸ್ಲರಿ ಸಿಪ್ಪೆ ರಾಶಿಗೆ. ಎರಡೂ ಒಂದಕ್ಕೊಂದು ಪೂರಕ.

ಲಿಗ್ನಿನ್ ಒಡೆಯೋಕೆ ಬೇಕಾಗಿದ್ದು ಶಿಲೀಂಧ್ರ, ಶಿಲೀಂಧ್ರಕ್ಕೆ ಬೇಕಾಗಿದ್ದು ಗಾಳಿ. ಹಾಗಾಗಿ ಸಿಪ್ಪೆಯ ದಾರಿ ಕಾಂಪೋಸ್ಟ್.

ರಾಶಿ ಬೇಯಬೇಕು

ಒಳ್ಳೆ ಕಾಂಪೋಸ್ಟಿಗೆ ಇಂಗಾಲ–ಸಾರಜನಕದ ಅನುಪಾತ 25ರಿಂದ 30 ಇರಬೇಕು. ಇಲ್ಲಿ ಸುಲಭವಾಗಿ ಒಂದು ತಪ್ಪಾಗುತ್ತೆ: ಎರಡು ವಸ್ತುಗಳ ಅನುಪಾತವನ್ನ ನೇರ ಸರಾಸರಿ ಮಾಡಿಬಿಡೋದು. ಶಿಕಾರಿಪುರದ ಕಡೆ ಧಾರಾಳ ಸಿಗೋ ಮೆಕ್ಕೆಜೋಳದ ದಂಟಿನ ಉದಾಹರಣೆ ತಗೊಳ್ಳೋಣ. ಅದರ ಅನುಪಾತ 60, ಸಗಣಿಯದ್ದು 24. ಒಣ ತೂಕದಲ್ಲಿ ಸಮಸಮ ಬೆರೆಸಿದರೆ ಸರಾಸರಿ 42 ಅಂತೀವಿ. ತಪ್ಪು. 100 ಕೆ.ಜಿ. ದಂಟಲ್ಲಿ ಇಂಗಾಲ 42, ಸಾರಜನಕ 0.7 ಕೆ.ಜಿ.; 100 ಕೆ.ಜಿ. ಒಣ ಸಗಣಿಯಲ್ಲಿ 36 ಮತ್ತು 1.5 ಕೆ.ಜಿ. ಅಂತ ಹಿಡಿದರೆ, ಕೂಡಿಸಿ ಭಾಗಿಸಬೇಕು: 78 ಭಾಗಿಸು 2.2, ಅಂದ್ರೆ ಸುಮಾರು 35. ಸಗಣಿ ಎರಡು ಪಾಲು ಮಾಡಿದರೆ 31ರ ಹತ್ತಿರ ಬರುತ್ತೆ. ಸಗಣಿ ಸಾಲದಿದ್ದರೆ ಬೇಲಿಯ ಗೊಬ್ಬರದ ಗಿಡ, ಅಂದ್ರೆ ಗ್ಲಿರಿಸಿಡಿಯಾ ಸೊಪ್ಪು ಇದೆ. ಸಿಪ್ಪೆಗೂ ಇದೇ ಲೆಕ್ಕ, ನಿಮ್ಮ ಸ್ಯಾಂಪಲ್ಲಿನ ಅಂಕಿ ಹಾಕಿದರೆ ಆಯ್ತು.

ಉಳಿದ ಮೂರು ವಿಷಯ:

ನೀರು: ತೇವ 50–60 ಶೇಕಡಾ ಇರಬೇಕು. ಒಣ ಸಿಪ್ಪೆಯ ಹೊರಮೈ ನುಣುಪು, ನೀರು ಜಾರಿಹೋಗುತ್ತೆ. ಮೊದಲು ಚಚ್ಚಿ ಅಥವಾ ತುಂಡರಿಸಿ, ನೆನೆಸಿ, ಆಮೇಲೆ ರಾಶಿ ಹಾಕಬೇಕು.

ಗಾತ್ರ: ಒಂದು ಮೀಟರಿಗಿಂತ ಸಣ್ಣ ರಾಶಿಯಲ್ಲಿ ಬಿಸಿ ನಿಲ್ಲಲ್ಲ. ತೀರಾ ಎತ್ತರ ಮಾಡಿದರೆ ಒಳಗೆ ಗಾಳಿ ಹೋಗಲ್ಲ, ನಾತ ಶುರು.

ಬಿಸಿ: ತೆರೆದ ರಾಶಿಯಲ್ಲಿ 55 ಡಿಗ್ರಿಗಿಂತ ಮೇಲೆ 15 ದಿನ, ಅಷ್ಟರೊಳಗೆ ಐದು ಸಲ ಮಗುಚೋದು. ರೋಗಾಣು ಕೊಲ್ಲೋಕೆ ಅಮೆರಿಕದ ಪರಿಸರ ಸಂಸ್ಥೆ ಇಟ್ಟಿರೋ ಮಾನದಂಡ ಇದು. ನಮಗೆ ಇದು ಮುಖ್ಯ, ಯಾಕಂದ್ರೆ ಕೊಳೆರೋಗ ಬಂದ ತೋಟದ ಸಿಪ್ಪೆಯನ್ನ ಬೇಯಿಸದೆ ಇನ್ನೊಂದು ತೋಟಕ್ಕೆ ಹಾಕಿದರೆ ಗೊಬ್ಬರದ ಜೊತೆ ರೋಗವನ್ನೂ ಹೊತ್ತು ಹಾಕಿದ ಹಾಗೆ.

ಊರಿನ ಹಸಿ ಕಸಕ್ಕೂ ಸಿಪ್ಪೆ ಒಳ್ಳೆ ಜೋಡಿ. ಹಾಸ್ಟೆಲ್ ಮೆಸ್ಸಿನ ಅನ್ನ, ಸಂತೆಯ ತರಕಾರಿ ಕಸ ಬೇಗ ಮುದ್ದೆಯಾಗಿ ಗಾಳಿ ಕಟ್ಟುತ್ತೆ. ನಡುವೆ ಸಿಪ್ಪೆ ಹಾಕಿದರೆ ರಾಶಿ ಉಸಿರಾಡುತ್ತೆ. ಘನತ್ಯಾಜ್ಯ ನಿಯಮಗಳ ಪ್ರಕಾರ ಹಸಿ ಕಸ ಬೇರೆ ಮಾಡಲೇಬೇಕು. ಬೇರೆ ಮಾಡಿದ ಮೇಲೆ ಮುಂದೇನು ಅನ್ನೋದಕ್ಕೆ ಇದೊಂದು ಉತ್ತರ.

ಯಾರದು, ಯಾರಿಗೆ ವಾಪಸ್?

ತಂತ್ರಜ್ಞಾನ ಇಷ್ಟು ಸರಳ ಆಗಿದ್ರೂ ರಾಶಿ ಯಾಕೆ ಹಾಗೇ ಇದೆ? ಸಿಪ್ಪೆ ಹಗುರ, ಜಾಗ ಜಾಸ್ತಿ ತಿನ್ನುತ್ತೆ. ಒಂದು ಟ್ರಿಪ್ಪಿನ ಡೀಸೆಲ್ಲಿಗೆ ಹೋಲಿಸಿದರೆ ಅದರಲ್ಲಿರೋ ಗೊಬ್ಬರ ಕಡಿಮೆ. ದೂರ ಸಾಗಿಸಿದರೆ ನಷ್ಟ.

ಇಲ್ಲಿ ತುಮಕೂರು ಜಿಲ್ಲೆಯ ಪುರ ಅನ್ನೋ ಹಳ್ಳಿ ನೆನಪಿಗೆ ಬರುತ್ತೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿ ಅವರು ಕಟ್ಟಿದ ‘ಅಸ್ತ್ರ’ ತಂಡ ಅಲ್ಲಿ ಸಮುದಾಯ ಗೋಬರ್ ಗ್ಯಾಸ್ ಸ್ಥಾವರ ಮಾಡಿತು. ಅಡುಗೆಗೆ ಗ್ಯಾಸ್ ಕೊಡೋ ಮೊದಲ ಯೋಜನೆ ಕೈಹಿಡಿಯಲಿಲ್ಲ. 1987ರಿಂದ ಅದೇ ಗ್ಯಾಸಿನಿಂದ ಎಂಜಿನ್ ಓಡಿಸಿ ಕರೆಂಟು ಮತ್ತು ಕುಡಿಯೋ ನೀರು ಕೊಟ್ಟರು. ಸಗಣಿ ತಂದವರಿಗೆ ಕೆ.ಜಿ. ಲೆಕ್ಕದಲ್ಲಿ ಸಣ್ಣ ಮೊತ್ತ ಸಿಗುತ್ತಿತ್ತು, ಗೊಬ್ಬರ ಅವರಿಗೇ ವಾಪಸ್ ಹೋಗುತ್ತಿತ್ತು. ಕೊಟ್ಟವರ ಗೊಬ್ಬರ ಕಳೆದುಹೋಗಲಿಲ್ಲ, ಅದಕ್ಕೇ ಅವರು ಕೊಡ್ತಾ ಹೋದರು.

ಚೇಣಿಗೂ ಇದೇ ನಿಯಮ ಹೊಂದಿಸಬಹುದು. ತೋಟಕ್ಕೆ ಕಾಯಿ ಒಯ್ಯೋಕೆ ಬರೋ ಗಾಡಿ ಬರುವಾಗ ಖಾಲಿ ಇರುತ್ತೆ. ಹಿಂದಿನ ಕೊಯ್ಲಿನ ಸಿಪ್ಪೆಯನ್ನ ಅದರಲ್ಲೇ ಕಳಿಸಿದರೆ ಸಾಗಾಟದ ಖರ್ಚು ತೀರಾ ಕಡಿಮೆ. ಚೇಣಿ ಮಾತಾಡುವಾಗಲೇ ‘ಸಿಪ್ಪೆ ವಾಪಸ್’ ಅಂತ ಒಂದು ಸಾಲು ಸೇರಿದರೆ ಸಾಕು.

ಫೈನಲ್ ಇಯರ್ ಪ್ರಾಜೆಕ್ಟ್ ಹುಡುಕ್ತಾ ಇರೋರಿಗೆ ಇಲ್ಲಿ ಕೆಲಸ ಬೇಕಾದಷ್ಟಿದೆ. ಮೆಕ್ಯಾನಿಕಲ್‌ನವರು ಸುಲಿಯೋ ಯಂತ್ರದ ಬಾಯಿಗೇ ಜೋಡಿಸೋ ಚೂರುಯಂತ್ರ ಮಾಡಬಹುದು: ಸಿಪ್ಪೆ ಚೂರಾದಷ್ಟೂ ಲೋಡಿಗೆ ತೂಕ ಹೆಚ್ಚು, ಕೊಳೆಯೋದೂ ಬೇಗ. ಎಲೆಕ್ಟ್ರಾನಿಕ್ಸ್‌ನವರು ರಾಶಿಯ ಬಿಸಿ, ತೇವ ಅಳೆದು ‘ಇವತ್ತು ಮಗುಚಿ’ ಅಂತ ಫೋನಿಗೆ ಕಳಿಸೋ ಅಗ್ಗದ ಸೆನ್ಸರ್ ಮಾಡಬಹುದು. ಸಿವಿಲ್‌ನವರು ಕಣಗಳ ನಕ್ಷೆ ಹಾಕಿ, ಎಷ್ಟು ಕಿಲೋಮೀಟರಿನವರೆಗೆ ಸಾಗಿಸಿದರೆ ಲಾಭ ಅಂತ ಲೆಕ್ಕ ಕೊಡಬಹುದು. ಮುಂದಿನ ಕೊಯ್ಲಿನೊಳಗೆ ಒಂದೇ ಒಂದು ಕಣದಲ್ಲಿ ಮಾಡಿ ನೋಡಿದರೂ, ಆ ರಸ್ತೆಯಲ್ಲಿ ಒಂದು ರಾಶಿ ಹೊಗೆ ಕಡಿಮೆ.