ಅಂತರಿಕ್ಷಯಾನದ ಕನಸು ಮತ್ತು ಅಮೆರಿಕದ ಜನಜೀವನ

ಮಾನವನು ಆಕಾಶದತ್ತ ಕಣ್ಣೆತ್ತಿ ನೋಡಿ ಹಾರಬೇಕೆಂದು ಬಯಸಿದ್ದು ಇಂದು ನಿನ್ನೆಯ ಮಾತಲ್ಲ. ನಮ್ಮ ರಾಮಾಯಣದಲ್ಲಿ ಪುಷ್ಪಕ ವಿಮಾನವಿದೆ. ಗ್ರೀಕರ ಕಥೆಗಳಲ್ಲಿ ಮೇಣದ ರೆಕ್ಕೆ ಕಟ್ಟಿಕೊಂಡು ಸೂರ್ಯನ ಬಳಿಗೆ ಹಾರಿ ಕಡಲಿಗೆ ಬಿದ್ದ ಇಕರಸ್ ಇದ್ದಾನೆ. ಈ ಬಯಕೆ ಎಲ್ಲ ಜನಾಂಗಗಳಿಗೂ ಸಮಾನವಾದುದು. ಆದರೆ ಅದನ್ನು ಕಥೆ, ಚಿತ್ರ, ಸಿನಿಮಾ, ಮಕ್ಕಳ ಆಟದ ಸಾಮಾನುಗಳಿಂದ ಹಿಡಿದು ಸರ್ಕಾರದ ಬೊಕ್ಕಸದವರೆಗೆ ತನ್ನ ಜನಜೀವನದಲ್ಲೆಲ್ಲ ಹೊಕ್ಕಿಸಿಕೊಂಡ ದೇಶಗಳಲ್ಲಿ ಅಮೆರಿಕ ಮುಖ್ಯವಾದುದು. ರಷ್ಯದಲ್ಲಿಯೂ ಈ ಕನಸಿಗೆ ದೊಡ್ಡ ಪರಂಪರೆಯಿದೆ. ಅದು ಬೇರೊಂದು ಲೇಖನಕ್ಕೆ ಆಗುವಷ್ಟು ವಿಷಯ.

ಈ ಲೇಖನ ಬರೆಯುತ್ತಿರುವುದಾಗಿ ರಜೆಯಲ್ಲಿ ಊರಿಗೆ ಹೋದಾಗ ನಮ್ಮ ತಂದೆಯವರಿಗೆ ಹೇಳಿದೆ. ಅವರು ಬೇಸಾಯಗಾರರು, ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. "ಅಷ್ಟು ದೂರ ಹೋಗಿ ಅವರು ತಂದದ್ದೇನಪ್ಪ?" ಎಂದರು. "ಕಲ್ಲು, ಮಣ್ಣು" ಎಂದೆ. "ಎಷ್ಟು?" "ಆರು ಸಲ ಸೇರಿ ೩೮೨ ಕಿಲೋಗ್ರಾಂ." ತಂದೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾಲ್ಕು ಕ್ವಿಂಟಾಲೂ ಆಗಲಿಲ್ಲವಲ್ಲ! ಅಲ್ಲಿ ಬಡವರಿಲ್ಲವೆ? ಅವರು ಸುಮ್ಮನಿದ್ದರೆ?" ಎಂದು ಕೇಳಿದರು. ಆಗ ನನಗೆ ಉತ್ತರ ಹೊಳೆಯಲಿಲ್ಲ. ಕಾಲೇಜಿಗೆ ಮರಳಿದ ಮೇಲೆ ಓದಿ ತಿಳಿದುದನ್ನು ಇಲ್ಲಿ ಸಂಗ್ರಹವಾಗಿ ಬರೆಯಲು ಯತ್ನಿಸಿದ್ದೇನೆ.

ಮೊದಲು ಒಂದು ಸಂಗತಿಯನ್ನು ಗಮನಿಸಬೇಕು. ಈ ಕನಸನ್ನು ವಿಜ್ಞಾನಿಗಳಿಗಿಂತ ಮುಂಚೆ ಕಂಡವರು ಕಥೆಗಾರರು. ಫ್ರಾನ್ಸಿನ ಜೂಲ್ ವೆರ್ನ್ ೧೮೬೫ರಲ್ಲಿ ಚಂದ್ರಯಾತ್ರೆಯ ಕಾದಂಬರಿಯೊಂದನ್ನು ಬರೆದನು. ಅದರಲ್ಲಿ ಮೂವರು ಯಾತ್ರಿಕರನ್ನು ಭಾರಿ ತೋಪಿನ ಗುಂಡಿನೊಳಗೆ ಕೂರಿಸಿ ಚಂದ್ರನತ್ತ ಹಾರಿಸುತ್ತಾರೆ. ಹಾರಿಸುವವರು ಅಮೆರಿಕನ್ನರು, ಹಾರಿಸುವ ಸ್ಥಳ ಫ್ಲಾರಿಡಾ. ನೂರು ವರ್ಷಗಳ ತರುವಾಯ ನಿಜವಾದ ಚಂದ್ರಯಾತ್ರೆಯೂ ಅದೇ ಫ್ಲಾರಿಡಾದಿಂದ, ಮೂವರನ್ನೇ ಹೊತ್ತುಕೊಂಡು ಹೊರಟಿತು. ಇದು ಕೇವಲ ಕಾಕತಾಳೀಯವಲ್ಲ. ಸಮಭಾಜಕವೃತ್ತಕ್ಕೆ ಹತ್ತಿರವಾದಷ್ಟೂ ಭೂಮಿಯ ಮೇಲ್ಮೈ ತಿರುಗುವ ವೇಗ ಹೆಚ್ಚು. ಪೂರ್ವಕ್ಕೆ ಹಾರುವ ರಾಕೆಟ್ಟಿಗೆ ಆ ವೇಗ ಪುಕ್ಕಟೆಯಾಗಿ ದೊರೆಯುತ್ತದೆ. ಅದಕ್ಕಾಗಿಯೇ ದೇಶದ ದಕ್ಷಿಣ ತುದಿಯ ಕಡಲತೀರವನ್ನು ಆರಿಸಿಕೊಂಡರು. ೧೮೬೯ರಲ್ಲಿ ಎಡ್ವರ್ಡ್ ಎವೆರೆಟ್ ಹೇಲ್ ಎಂಬ ಅಮೆರಿಕದ ಲೇಖಕ ಇಟ್ಟಿಗೆಯಿಂದ ಕಟ್ಟಿದ ಕೃತಕ ಚಂದ್ರನೊಂದು ಭೂಮಿಯನ್ನು ಸುತ್ತುತ್ತ ನಾವಿಕರಿಗೆ ದಾರಿ ತೋರಿಸುವ ಕಥೆಯನ್ನು ಪತ್ರಿಕೆಯೊಂದರಲ್ಲಿ ಪ್ರಕಟಿಸಿದನು. ಮೊದಲ ಕೃತಕ ಉಪಗ್ರಹ ಹಾರುವುದಕ್ಕೆ ೮೮ ವರ್ಷ ಮುಂಚಿನ ಮಾತಿದು.

ಕಥೆಗಳನ್ನು ಓದಿ ಬೆಳೆದವರಲ್ಲಿ ರಾಬರ್ಟ್ ಗೊಡ್ಡಾರ್ಡ್ ಒಬ್ಬ. ಮಂಗಳ ಗ್ರಹದವರು ಭೂಮಿಗೆ ದಂಡೆತ್ತಿ ಬರುವ ಎಚ್. ಜಿ. ವೆಲ್ಸ್‌ನ ಕಥೆ ಅವನ ಮನಸ್ಸನ್ನು ಹಿಡಿದಿತ್ತು. ೧೮೯೯ರ ಅಕ್ಟೋಬರ್ ೧೯ರಂದು ಹದಿನೇಳು ವರ್ಷದ ಆ ಹುಡುಗ ಮನೆಯ ಹಿತ್ತಲಿನ ಚೆರಿ ಮರಕ್ಕೆ ಒಣಗಿದ ಕೊಂಬೆ ಕಡಿಯಲು ಹತ್ತಿದನು. ಮರದ ಮೇಲೆ ಕುಳಿತು ಕೆಳಗಿನ ಹೊಲವನ್ನು ನೋಡುತ್ತಿದ್ದಾಗ, ಅಲ್ಲಿಂದ ಮಂಗಳ ಗ್ರಹಕ್ಕೆ ಏರಿ ಹೋಗುವ ಯಂತ್ರವೊಂದಿದ್ದರೆ ಎಂಬ ಕಲ್ಪನೆ ಮೂಡಿತು. ಆ ದಿನವನ್ನು ಅವನು ಬದುಕಿರುವವರೆಗೂ ವರ್ಷ ವರ್ಷವೂ ನೆನೆದನು. ೧೯೨೬ರ ಮಾರ್ಚ್ ೧೬ರಂದು, ಬಂಧುವೊಬ್ಬರ ಹೊಲದಲ್ಲಿ, ದ್ರವ ಇಂಧನದಿಂದ ನಡೆಯುವ ಜಗತ್ತಿನ ಪ್ರಥಮ ರಾಕೆಟ್ಟನ್ನು ಹಾರಿಸಿದನು. ಅದು ಏರಿದ್ದು ೪೧ ಅಡಿ. ಹಾರಿದ್ದು ಎರಡೂವರೆ ಸೆಕೆಂಡು. ಬಿದ್ದದ್ದು ಎಲೆಕೋಸಿನ ಪಾತಿಯಲ್ಲಿ!

ಇದಕ್ಕೆ ಮುಂಚೆ, ೧೯೨೦ರಲ್ಲಿ, ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆ ಗೊಡ್ಡಾರ್ಡನನ್ನು ಸಂಪಾದಕೀಯದಲ್ಲಿ ಹಾಸ್ಯ ಮಾಡಿತ್ತು. ಗಾಳಿಯಿಲ್ಲದ ಕಡೆ ರಾಕೆಟ್ಟು ಯಾವುದನ್ನು ಒದ್ದು ಮುಂದೆ ಹೋದೀತು ಎಂಬುದು ಅದರ ವಾದ. ಇದು ತಪ್ಪು. ತೆಪ್ಪದ ಮೇಲಿಂದ ದಡಕ್ಕೆ ನೆಗೆದರೆ ತೆಪ್ಪ ಹಿಂದಕ್ಕೆ ಸರಿಯುವುದನ್ನು ನಾವೆಲ್ಲ ಕಂಡಿದ್ದೇವೆ. ತೆಪ್ಪವನ್ನು ತಳ್ಳಿದ್ದು ಗಾಳಿಯಲ್ಲ, ನೆಗೆದವನ ಕಾಲು. ರಾಕೆಟ್ಟೂ ಹೀಗೆಯೇ ತನ್ನೊಳಗಿನ ಬಿಸಿ ಅನಿಲವನ್ನು ಹಿಂದಕ್ಕೆ ಎಸೆದು ತಾನು ಮುಂದಕ್ಕೆ ಹೋಗುತ್ತದೆ. ಆ ಪತ್ರಿಕೆ ತನ್ನ ತಪ್ಪನ್ನು ಒಪ್ಪಿಕೊಂಡದ್ದು ೧೯೬೯ರ ಜುಲೈ ೧೭ರಂದು, ಅಪೊಲೊ-೧೧ ಚಂದ್ರನತ್ತ ಹೊರಟ ಮರುದಿನ. ಗೊಡ್ಡಾರ್ಡ್ ತೀರಿಕೊಂಡು ಆಗಲೇ ಸುಮಾರು ಇಪ್ಪತ್ತನಾಲ್ಕು ವರ್ಷಗಳಾಗಿದ್ದವು.

ಪಂಡಿತರು ನಗುತ್ತಿದ್ದಾಗ ಪಾಮರರು ನಂಬುತ್ತಿದ್ದರು. ಗೊಡ್ಡಾರ್ಡನ ರಾಕೆಟ್ಟು ಹಾರಿದ ಮುಂದಿನ ತಿಂಗಳ ಸಂಚಿಕೆಯಾಗಿಯೇ ‘ಅಮೇಜಿಂಗ್ ಸ್ಟೋರೀಸ್’ ಎಂಬ ವಿಜ್ಞಾನಕಥೆಗಳ ಮಾಸಪತ್ರಿಕೆ ಆರಂಭವಾಯಿತು. ಅಗ್ಗದ ಕಾಗದದಲ್ಲಿ, ಕಣ್ಣು ಕುಕ್ಕುವ ಬಣ್ಣದ ಹೊದಿಕೆಯೊಡನೆ ಬರುತ್ತಿದ್ದ ಇಂತಹ ಪತ್ರಿಕೆಗಳನ್ನು ಹುಡುಗರು ಮುಗಿಬಿದ್ದು ಓದಿದರು. ೧೯೨೯ರಲ್ಲಿ ‘ಬಕ್ ರೋಜರ್ಸ್’, ೧೯೩೪ರಲ್ಲಿ ‘ಫ್ಲ್ಯಾಷ್ ಗಾರ್ಡನ್’ ಎಂಬ ಚಿತ್ರಕಥೆಗಳು ದಿನಪತ್ರಿಕೆಗಳ ಮೂಲಕ ಮನೆಮನೆಯನ್ನು ಹೊಕ್ಕವು.

ಈ ಕನಸು ಅಮೆರಿಕದ ನೆಲದಲ್ಲಿ ಇಷ್ಟು ಸುಲಭವಾಗಿ ಬೇರುಬಿಟ್ಟುದಕ್ಕೆ ಕಾರಣವೇನು? ಇತಿಹಾಸದ ವಿದ್ಯಾರ್ಥಿಗಳಾದ ನಮಗೆ ಇಲ್ಲಿ ಫ್ರೆಡರಿಕ್ ಜ್ಯಾಕ್ಸನ್ ಟರ್ನರನ ನೆನಪಾಗುತ್ತದೆ. ೧೮೯೩ರಲ್ಲಿ, ಸ್ವಾಮಿ ವಿವೇಕಾನಂದರು ಷಿಕಾಗೋದಲ್ಲಿ ಮಾತನಾಡಿದ ವರ್ಷವೇ, ಅದೇ ಊರಿನಲ್ಲಿ ಟರ್ನರ್ ಒಂದು ಪ್ರಬಂಧವನ್ನು ಓದಿದನು. ಪಶ್ಚಿಮದ ಕಡೆಗೆ ಸದಾ ಸರಿಯುತ್ತಿದ್ದ ಗಡಿಯೇ ಅಮೆರಿಕನ್ನರ ಸ್ವಭಾವವನ್ನು ರೂಪಿಸಿತೆಂದೂ, ಆ ಗಡಿ ಈಗ ಮುಗಿದುಹೋಯಿತೆಂದೂ ಅವನ ಅಭಿಪ್ರಾಯ. ಅವನು ತೆರವಾದ ನೆಲವೆಂದು ಕರೆದ ಆ ನಾಡಿನಲ್ಲಿ ಮೂಲನಿವಾಸಿಗಳು ಬಾಳುತ್ತಿದ್ದರೆಂಬುದನ್ನು ಮರೆಯಲಾಗದು. ಅದೇನೇ ಇರಲಿ, ಗಡಿಯನ್ನು ದಾಟುವುದೇ ಪೌರುಷವೆಂದು ತಿಳಿದಿದ್ದ ಜನಕ್ಕೆ ಆಕಾಶವು ಹೊಸ ಗಡಿಯಾಗಿ ಕಂಡಿತು. ಮುಂದೆ ೧೯೬೦ರಲ್ಲಿ ಜಾನ್ ಕೆನೆಡಿಯವರು ತಮ್ಮ ಚುನಾವಣೆಯ ಘೋಷಣೆಯನ್ನಾಗಿ ‘ಹೊಸ ಗಡಿ’ ಎಂಬ ಮಾತನ್ನೇ ಆರಿಸಿಕೊಂಡರು.

ಎರಡನೆಯ ಮಹಾಯುದ್ಧದ ಬಳಿಕ ಕನಸನ್ನು ಜನರಿಗೆ ಒಪ್ಪಿಸುವ ಕೆಲಸ ವ್ಯವಸ್ಥಿತವಾಗಿ ನಡೆಯಿತು. ೧೯೫೨ರಿಂದ ೧೯೫೪ರವರೆಗೆ ‘ಕಾಲಿಯರ್ಸ್’ ವಾರಪತ್ರಿಕೆ ಅಂತರಿಕ್ಷಯಾನದ ಮೇಲೆ ಲೇಖನಮಾಲೆಯನ್ನು ಪ್ರಕಟಿಸಿತು. ಚೆಸ್ಲಿ ಬಾನೆಸ್ಟೆಲ್ ಬರೆದ ಚಿತ್ರಗಳು ಕಂಡು ಬಂದವರು ಬಿಡಿಸಿದಂತೆ ನೈಜವಾಗಿದ್ದವು. ೧೯೫೫ರಲ್ಲಿ ವಾಲ್ಟ್ ಡಿಸ್ನಿ ಇದೇ ವಿಷಯವನ್ನು ಟೆಲಿವಿಷನ್ನಿನಲ್ಲಿ ತೋರಿಸಿದರು. ಎರಡರ ಹಿಂದೆಯೂ ಇದ್ದ ಪ್ರಮುಖ ತಜ್ಞ ವೆರ್ನರ್ ಫಾನ್ ಬ್ರೌನ್. ಯುದ್ಧಕಾಲದಲ್ಲಿ ಈತ ಹಿಟ್ಲರನ ಜರ್ಮನಿಗಾಗಿ ವಿ-೨ ರಾಕೆಟ್ಟನ್ನು ನಿರ್ಮಿಸಿದವನು. ಅದನ್ನು ತಯಾರಿಸಲು ಸೆರೆಯಾಳುಗಳನ್ನು ನೆಲದಡಿಯ ಕಾರ್ಖಾನೆಯಲ್ಲಿ ದುಡಿಸಿ, ಸಾವಿರಾರು ಜನರ ಸಾವಿಗೆ ಕಾರಣರಾದರು. ಚಂದ್ರನಿಗೆ ಒಯ್ದ ಸ್ಯಾಟರ್ನ್ ರಾಕೆಟ್ಟಿನ ಪೂರ್ವೇತಿಹಾಸದಲ್ಲಿ ಈ ಕಲೆಯೂ ಇದೆ.

೧೯೫೭ರ ಅಕ್ಟೋಬರ್ ೪ರಂದು ರಷ್ಯದ ಸ್ಪುಟ್ನಿಕ್ ಹಾರಿತು. ಕನಸಿನ ಜೊತೆಗೆ ಭಯವೂ ಕೂಡಿಕೊಂಡಿತು. ಮರುವರ್ಷ ‘ನಾಸಾ’ ಸಂಸ್ಥೆ ಹುಟ್ಟಿತು. ಅದೇ ವರ್ಷದ ಇನ್ನೊಂದು ಕಾನೂನನ್ನು ನಾವು ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ರಾಷ್ಟ್ರರಕ್ಷಣೆಯ ಹೆಸರಿನಲ್ಲಿ ಮಾಡಿದ ಆ ಶಿಕ್ಷಣ ಕಾನೂನು ವಿಜ್ಞಾನ, ಗಣಿತ ಮತ್ತು ವಿದೇಶೀ ಭಾಷೆಗಳ ಬೋಧನೆಗೆ ಹಣ ಒದಗಿಸಿತು. ಕಾಲೇಜು ವಿದ್ಯಾರ್ಥಿಗಳಿಗೆ ಕಡಿಮೆ ಬಡ್ಡಿಯ ಸಾಲ ಕೊಟ್ಟಿತು. ಯಾರೋ ಹಾರಿಸಿದ ಉಪಗ್ರಹದಿಂದ ಇನ್ನಾವುದೋ ಹಳ್ಳಿಯ ಹುಡುಗನಿಗೆ ಕಾಲೇಜಿನ ಬಾಗಿಲು ತೆರೆಯಿತು!

೧೯೬೧ರ ಏಪ್ರಿಲ್ ೧೨ರಂದು ಯೂರಿ ಗಗಾರಿನ್ ಭೂಮಿಯನ್ನು ಸುತ್ತಿ ಬಂದ ಆರು ವಾರಗಳಲ್ಲಿ, ದಶಕ ಮುಗಿಯುವುದರೊಳಗೆ ಮನುಷ್ಯನನ್ನು ಚಂದ್ರನ ಮೇಲಿಳಿಸುವ ಗುರಿಯನ್ನು ಕೆನೆಡಿಯವರು ಶಾಸನಸಭೆಯ ಮುಂದಿಟ್ಟರು. ೧೯೬೨ರಲ್ಲಿ ಜಾನ್ ಗ್ಲೆನ್ ಭೂಮಿಯನ್ನು ಮೂರು ಸುತ್ತು ಸುತ್ತಿ ಬಂದಾಗ ನ್ಯೂಯಾರ್ಕಿನ ಬೀದಿಗಳಲ್ಲಿ ಲಕ್ಷಾಂತರ ಜನ ಸೇರಿ ಕಾಗದದ ಚೂರುಗಳ ಮಳೆಗರೆದರು. ೧೯೬೬ರಲ್ಲಿ ಕೇಂದ್ರ ಸರ್ಕಾರದ ಖರ್ಚಿನಲ್ಲಿ ನೂರಕ್ಕೆ ನಾಲ್ಕು ಪಾಲಿಗೂ ಹೆಚ್ಚು ಹಣ ನಾಸಾಕ್ಕೆ ಹೋಯಿತು. ಕೆಲಸ ಬಿರುಸಾಗಿದ್ದಾಗ ಸುಮಾರು ನಾಲ್ಕು ಲಕ್ಷ ಜನ ಇದಕ್ಕಾಗಿ ದುಡಿದರು.

ಇನ್ನು ನಮ್ಮ ತಂದೆಯವರ ಪ್ರಶ್ನೆಗೆ ಬರೋಣ. ಬಡವರು ಸುಮ್ಮನಿರಲಿಲ್ಲ. ೧೯೬೯ರ ಜುಲೈ ೧೫ರಂದು, ಅಪೊಲೊ-೧೧ ಹೊರಡುವ ಹಿಂದಿನ ದಿನ, ಮಾರ್ಟಿನ್ ಲೂಥರ್ ಕಿಂಗರ ಒಡನಾಡಿಯಾಗಿದ್ದ ಪಾದ್ರಿ ರಾಲ್ಫ್ ಅಬರ್ನೆಥಿಯವರು ಬಡ ಕುಟುಂಬಗಳನ್ನೂ ಹೇಸರಗತ್ತೆಯ ಗಾಡಿಗಳನ್ನೂ ಕರೆದುಕೊಂಡು ರಾಕೆಟ್ ನೆಲೆಯ ಬಳಿಗೆ ಬಂದರು. ಯಾತ್ರಿಕರ ಸಾಹಸವನ್ನು ತಾವು ಮೆಚ್ಚುವುದಾಗಿಯೂ, ಹಸಿದವರು ಇರುವಾಗ ಮೊದಲು ಯಾವುದಕ್ಕೆ ಹಣವೆಂಬುದೇ ತಮ್ಮ ಪ್ರಶ್ನೆಯೆಂದೂ ಹೇಳಿದರು. ನಾಸಾದ ಮುಖ್ಯಸ್ಥರಾಗಿದ್ದ ಥಾಮಸ್ ಪೇನ್ ಬಯಲಿನಲ್ಲೇ ಅವರನ್ನು ಎದುರುಗೊಂಡರು. ನಾಳೆ ಗುಂಡಿ ಒತ್ತದಿದ್ದರೆ ಬಡತನ ನೀಗುವುದಾದರೆ ಒತ್ತುವುದಿಲ್ಲವೆಂದರು. ಯಾತ್ರಿಕರಿಗಾಗಿ ಪ್ರಾರ್ಥಿಸಿರೆಂದು ಕೇಳಿಕೊಂಡರು. ಅಬರ್ನೆಥಿಯವರು ಒಪ್ಪಿದರು. ಬಂದವರಲ್ಲಿ ಕೆಲವು ಕುಟುಂಬಗಳಿಗೆ ಮರುದಿನ ರಾಕೆಟ್ಟು ಏರುವುದನ್ನು ನೋಡಲು ಸ್ಥಳ ದೊರೆಯಿತು. ಇಬ್ಬರ ಮಾತಿನಲ್ಲೂ ಸತ್ಯವಿತ್ತು. ಆದರೆ ಹಸಿವು ಅಲ್ಲಿಗೆ ನೀಗಲಿಲ್ಲ. ಮರುವರ್ಷ ಗಿಲ್ ಸ್ಕಾಟ್-ಹೆರನ್ ಎಂಬ ಕವಿ, ವೈದ್ಯರ ಬಿಲ್ಲು ಕಟ್ಟಲಾರದ ಕಪ್ಪು ಮನುಷ್ಯನೊಬ್ಬನ ಬಾಯಿಂದ ಇದೇ ಪ್ರಶ್ನೆಯನ್ನು ಕಟುವಾಗಿ ಕೇಳಿಸಿದನು.

ಕನಸಿನಲ್ಲಿ ಯಾರಿಗೆ ಜಾಗವಿತ್ತೆಂಬುದು ಇನ್ನೊಂದು ಪ್ರಶ್ನೆ. ೧೯೬೯ರಿಂದ ೧೯೭೨ರವರೆಗೆ ಚಂದ್ರನ ಮೇಲೆ ನಡೆದ ಹನ್ನೆರಡು ಮಂದಿಯೂ ಬಿಳಿಯ ಗಂಡಸರು. ಆದರೆ ಗ್ಲೆನ್ ಹೊರಡುವ ಮುನ್ನ ಗಣಕಯಂತ್ರದ ಲೆಕ್ಕವನ್ನು ಕೈಯಿಂದ ತಾಳೆ ನೋಡಬೇಕೆಂದು ಕೇಳಿದ್ದು ಕ್ಯಾಥರಿನ್ ಜಾನ್ಸನ್ ಎಂಬ ಕಪ್ಪು ಮಹಿಳೆಯನ್ನು. ಆಕೆಯ ತಂದೆ ಬೇಸಾಯಗಾರ. ಅವರ ಊರಿನಲ್ಲಿ ಕಪ್ಪು ಮಕ್ಕಳಿಗೆ ಎಂಟನೆಯ ತರಗತಿಯಿಂದಾಚೆ ಶಾಲೆಯಿರಲಿಲ್ಲ. ತಂದೆತಾಯಿಗಳು ದೂರದ ಬೇರೊಂದು ಊರಿನಲ್ಲಿ ಮನೆ ಮಾಡಿ ಮಕ್ಕಳನ್ನು ಓದಿಸಿದರು. ಆಕೆಯ ಹೆಸರು ಸಾಮಾನ್ಯ ಜನರಿಗೆ ತಿಳಿದದ್ದು ಬಹಳ ತಡವಾಗಿ. ೨೦೧೬ರಲ್ಲಿ ಪುಸ್ತಕವೂ ಸಿನಿಮಾವೂ ಬಂದ ಬಳಿಕ. ಇದನ್ನು ಓದಿದಾಗ ನಮ್ಮ ತಂದೆಯವರು ನನ್ನ ಪೆಟ್ಟಿಗೆಯನ್ನು ಹೊತ್ತುಕೊಂಡು ಬಸ್ಸಿನವರೆಗೆ ಬಂದ ದಿನ ನೆನಪಾಯಿತು.

ಇಲ್ಲಿಯೂ ಕಥೆಯೇ ನಿಜಕ್ಕಿಂತ ಮುಂದಿತ್ತು. ೧೯೬೬ರಲ್ಲಿ ಆರಂಭವಾದ ‘ಸ್ಟಾರ್ ಟ್ರೆಕ್’ ಎಂಬ ಟೆಲಿವಿಷನ್ ಕಥೆಯಲ್ಲಿ ನೌಕೆಯ ಅಧಿಕಾರಿಗಳಲ್ಲಿ ಒಬ್ಬಳು ಕಪ್ಪು ಮಹಿಳೆ. ಆ ಪಾತ್ರದ ನಟಿ ನಿಶೆಲ್ ನಿಕೋಲ್ಸ್ ಬಿಟ್ಟುಹೋಗಬೇಕೆಂದಿದ್ದಾಗ, ಬಿಡಬೇಡವೆಂದು ಹೇಳಿದವರು ಮಾರ್ಟಿನ್ ಲೂಥರ್ ಕಿಂಗ್ ಎಂದು ಆಕೆಯೇ ಹೇಳಿಕೊಂಡಿದ್ದಾರೆ. ಮುಂದೆ ಆಕೆ ಮಹಿಳೆಯರನ್ನೂ ಕಪ್ಪು ಜನರನ್ನೂ ನಾಸಾಕ್ಕೆ ಸೇರಿಸುವ ಪ್ರಚಾರದಲ್ಲಿ ದುಡಿದರು. ೧೯೮೩ರಲ್ಲಿ ಸ್ಯಾಲಿ ರೈಡ್, ೧೯೯೨ರಲ್ಲಿ ಮೇ ಜೆಮಿಸನ್ ಅಂತರಿಕ್ಷಕ್ಕೆ ಏರಿದರು. ಹರ್ಯಾಣದ ಕರ್ನಾಲಿನಲ್ಲಿ ಹುಟ್ಟಿದ ಕಲ್ಪನಾ ಚಾವ್ಲಾ ೧೯೯೭ರಲ್ಲಿ ಏರಿದರು. ೨೦೦೩ರ ಫೆಬ್ರವರಿ ೧ರಂದು ಕೊಲಂಬಿಯಾ ನೌಕೆಯೊಡನೆ ಮಡಿದರು. ಅದಕ್ಕೆ ಮುಂಚೆ, ೧೯೮೬ರ ಜನವರಿ ೨೮ರಂದು, ಚಾಲೆಂಜರ್ ನೌಕೆ ಹೊರಟ ೭೩ ಸೆಕೆಂಡಿನಲ್ಲಿ ಛಿದ್ರವಾದಾಗ ಏಳು ಮಂದಿ ಮಡಿದಿದ್ದರು. ಅವರಲ್ಲಿ ಕ್ರಿಸ್ಟಾ ಮೆಕಾಲಿಫ್ ಪ್ರೌಢಶಾಲೆಯಲ್ಲಿ ಸಮಾಜಪಾಠ ಹೇಳುತ್ತಿದ್ದ ಉಪಾಧ್ಯಾಯಿನಿ. ಶಾಲೆಗಳಲ್ಲಿ ಮಕ್ಕಳು ಆ ದೃಶ್ಯವನ್ನು ನೇರವಾಗಿ ನೋಡುತ್ತಿದ್ದರು.

ಹಾಗಾದರೆ ಈ ಕನಸಿನಿಂದ ದೊರೆತ ಫಲವೇನು? ಚಂದ್ರನಿಗಾಗಿ ಹೋದವರಿಗೆ ಕಂಡದ್ದು ಭೂಮಿ. ೧೯೬೮ರ ಡಿಸೆಂಬರ್ ೨೪ರಂದು ಅಪೊಲೊ-೮ರಲ್ಲಿ ಚಂದ್ರನನ್ನು ಸುತ್ತುತ್ತಿದ್ದ ವಿಲಿಯಂ ಆಂಡರ್ಸ್, ಬೂದುಬಣ್ಣದ ಚಂದ್ರನ ಅಂಚಿನಿಂದ ನೀಲಿಯ ಭೂಮಿ ಮೇಲೇಳುವುದನ್ನು ಚಿತ್ರ ತೆಗೆದರು. ೧೯೭೦ರಲ್ಲಿ ಅಮೆರಿಕದಲ್ಲಿ ಪ್ರಥಮ ಭೂದಿನವನ್ನು ಆಚರಿಸಿದಾಗ ಆ ಚಿತ್ರ ಜನರ ಕಣ್ಣಮುಂದಿತ್ತು.

ನಮ್ಮ ನಾಡಿಗೂ ಇದರ ನಂಟುಂಟು. ಉಡುಪಿಯ ಬಳಿಯ ಅದಮಾರಿನಲ್ಲಿ ಹುಟ್ಟಿ, ಅನಂತಪುರದ ಸರ್ಕಾರಿ ಕಾಲೇಜಿನಲ್ಲಿ ಓದಿದ ಯು. ಆರ್. ರಾಯರು ೧೯೬೦ರ ದಶಕದಲ್ಲಿ ಅಮೆರಿಕದ ಪಯನಿಯರ್ ನೌಕೆಗಳ ಪ್ರಯೋಗಗಳಲ್ಲಿ ದುಡಿದು ಸ್ವದೇಶಕ್ಕೆ ಮರಳಿದರು. ಅವರ ನೇತೃತ್ವದಲ್ಲಿ ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಸಿದ್ಧವಾದ ಆರ್ಯಭಟ ಉಪಗ್ರಹ ೧೯೭೫ರ ಏಪ್ರಿಲ್ ೧೯ರಂದು ರಷ್ಯದ ರಾಕೆಟ್ಟಿನಲ್ಲಿ ಹಾರಿತು.

ಈಗ ಅಮೆರಿಕದಲ್ಲಿ ಧನಿಕರ ಕಂಪನಿಗಳೂ ರಾಕೆಟ್ಟು ಹಾರಿಸುತ್ತಿವೆ. ಇಲಾನ್ ಮಸ್ಕ್ ಮಂಗಳ ಗ್ರಹದಲ್ಲಿ ಊರು ಕಟ್ಟುವ ಮಾತಾಡುತ್ತಾರೆ. ಜೆಫ್ ಬೆಜೋಸ್ ೨೦೨೧ರಲ್ಲಿ ತಮ್ಮ ಕಂಪನಿಯ ನೌಕೆಯಲ್ಲಿ ತಾವೇ ಏರಿ ಬಂದರು. ಹಳೆಯ ‘ಗಡಿ’ಯ ಮಾತು ಮತ್ತೆ ಕೇಳಿಬರುತ್ತಿದೆ. ಹಾಗೆಯೇ ಅಬರ್ನೆಥಿಯವರ ಪ್ರಶ್ನೆಯೂ ಉಳಿದಿದೆ. ಅದು ಉಳಿಯುವುದೇ ಒಳ್ಳೆಯದು. ಅಮೆರಿಕದ ಈ ಕನಸು ತುಸುವಾದರೂ ಹಿಗ್ಗಿ ಹೆಚ್ಚು ಜನರಿಗೆ ಜಾಗ ಕೊಟ್ಟಿದ್ದರೆ, ಹೊರಗೆ ನಿಂತವರು ಸುಮ್ಮನಿರದೆ ಕೇಳಿದ್ದರಿಂದ.

ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ತಂದೆಯವರಿಗೆ ಹೇಳುತ್ತೇನೆ: "ಇಲ್ಲ ಅಪ್ಪ, ಅಲ್ಲಿಯ ಬಡವರು ಸುಮ್ಮನಿರಲಿಲ್ಲ. ಗಾಡಿ ಕಟ್ಟಿಕೊಂಡು ರಾಕೆಟ್ಟಿನ ಹತ್ತಿರಕ್ಕೇ ಹೋಗಿ ನೀವು ಕೇಳಿದ್ದನ್ನೇ ಕೇಳಿದರು." ಕ್ಯಾಥರಿನ್ ಜಾನ್ಸನ್ನರ ತಂದೆಯ ವಿಷಯವನ್ನೂ ಹೇಳಬೇಕೆಂದಿದ್ದೇನೆ. ನಾಲ್ಕು ಕ್ವಿಂಟಾಲು ಕಲ್ಲಿನ ಲೆಕ್ಕಕ್ಕಿಂತ ಅದು ಅವರಿಗೆ ಹೆಚ್ಚು ಹಿಡಿಸೀತು.