ಮನೆಯ ತಂತಿಗಳ ಸಂಧಿ

ಮೂವತ್ತು ವರ್ಷಗಳಿಗೂ ಮಿಗಿಲಾಗಿ ಬಾಲಕರಿಗೆ ಲೋಪ, ಆಗಮ, ಆದೇಶ ಸಂಧಿಗಳನ್ನು ಬೋಧಿಸಿದ ನಾವು, ನಮ್ಮ ಮನೆಯ ಗೋಡೆಯಲ್ಲಿಯೇ ಅಡಗಿದ್ದ ಸಂಧಿಯೊಂದರ ವಿಷಯದಲ್ಲಿ ಕೇವಲ ಅಜ್ಞರಾಗಿದ್ದೆವೆಂದು ಮೊದಲೇ ಒಪ್ಪಿಕೊಳ್ಳುತ್ತೇವೆ. ವಿದ್ಯುತ್ತಿನ ತಂತಿಗಳು ಒಂದನ್ನೊಂದು ಕೂಡುವ ಆ ಸ್ಥಾನಕ್ಕೆ ಜಂಕ್ಷನ್ ಬಾಕ್ಸ್ ಎಂದು ಹೆಸರು. ಮುಚ್ಚಳವನ್ನು ತೆಗೆದು ಅದರೊಳಗೇನಿದೆಯೆಂದು ನೋಡುವ ಗೃಹಸ್ಥರು ವಿರಳ.

ನಡೆದ ಸಂಗತಿ ಇಷ್ಟು. ಸ್ನಾನದ ಮನೆಗೆ 2000 ವಾಟಿನ ಗೀಸರನ್ನೂ ಅಡಿಗೆಮನೆಗೆ ಅಷ್ಟೇ ಶಕ್ತಿಯ ವಿದ್ಯುತ್ ಒಲೆಯನ್ನೂ ತಂದೆವು. ಎಂ.ಸಿ.ಬಿ.ಯಿಂದ ಬಾಕ್ಸಿನವರೆಗೆ 4 ಚದರ ಮಿಲಿಮೀಟರಿನ ದಪ್ಪ ತಂತಿಯಿದ್ದಿತು. ಅಲ್ಲಿಂದ ಮುಂದಕ್ಕೆ ದೀಪಗಳಿಗಾಗಿ ಎಳೆದಿದ್ದ 1.5 ಚದರ ಮಿಲಿಮೀಟರಿನ ತೆಳು ತಂತಿ. ಹೊಸ ತಂತಿಗೆ ಗೋಡೆ ಕೊರೆಯಬೇಕೆಂದು ಕೆಲಸಗಾರನು ಹೇಳಿದನು. ಖರ್ಚಿಗೆ ಹಿಂಜರಿದವರು ನಾವೇ. ಎರಡೂ ಆ ತೆಳು ತಂತಿಗೇ ಜೋತುಬಿದ್ದವು. 10 ಆಂಪಿಯರಿನ ಎಂ.ಸಿ.ಬಿ. ದಿನಕ್ಕೆರಡು ಬಾರಿ ಬೀಳತೊಡಗಿತು. “ದೊಡ್ಡದೊಂದನ್ನು ಹಾಕಿಬಿಡಪ್ಪ” ಎಂದೆವು. ಅವನು 20 ಆಂಪಿಯರಿನದನ್ನು ಹಾಕಿ ಹೋದನು. ಪೀಡೆ ತೊಲಗಿತೆಂದು ಸಂತೋಷಪಟ್ಟೆವು.

ಕೆಲವು ತಿಂಗಳ ಬಳಿಕ ಒಂದು ಸಂಜೆ ನಮ್ಮ ಮನೆಯಾಕೆ, “ಏನೂಂದ್ರೆ, ಏನೋ ಸೀದ ವಾಸನೆ ಬರ್ತಿದೆಯಲ್ಲ” ಎಂದರು. ಹಾಲು ಉಕ್ಕಿರಬೇಕೆಂದೆವು. ಹಾಲು ಉಕ್ಕಿರಲಿಲ್ಲ. ಬಾಕ್ಸಿನ ಮುಚ್ಚಳವು ಕಂದಿತ್ತು. ಒಳಗೆ ಕರಿಯ ಟೇಪು ಕರಗಿ ತೊಟ್ಟಿಕ್ಕಿತ್ತು. ಸರಿಯಾಗಿ ಅದರ ಕೆಳಗೆ ಮೊಮ್ಮಗು ಮಲಗುವ ಮಂಚ. ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ.

ಮರುದಿನ ಬಂದ ಬೇರೊಬ್ಬ ಅನುಭವಿಯು ನಮಗೆ ಪಾಠ ಹೇಳಿದನು. 230 ವೋಲ್ಟಿನಲ್ಲಿ 2000 ವಾಟಿನ ಉಪಕರಣವು ಸುಮಾರು 8.7 ಆಂಪಿಯರನ್ನು ಎಳೆಯುತ್ತದೆ. ಎರಡೂ ಕೂಡಿದರೆ 17ಕ್ಕೂ ಮೇಲೆ. ಗೋಡೆಯ ಕೊಳವೆಯೊಳಗಿನ ತೆಳು ತಂತಿ ಇದನ್ನು ಬಹುಕಾಲ ತಾಳಲಾರದು. ಪ್ರವಾಹವು ಇಮ್ಮಡಿಯಾದರೆ ಕಾವು ನಾಲ್ಮಡಿಯಾಗುವುದಷ್ಟೆ! 20ಕ್ಕೆ ಮೀರದೆ ಹೊಸ ಎಂ.ಸಿ.ಬಿ. ಅಲುಗುವಂತಿಲ್ಲ. ಎಂ.ಸಿ.ಬಿ. ಇರುವುದು ತಂತಿಯ ರಕ್ಷಣೆಗೆ. ಅದರ ಮುಂದೆ ಎಷ್ಟು ಬಗೆಯ ತಂತಿಗಳಿದ್ದರೂ ಅತಿ ತೆಳ್ಳಗಿನದಕ್ಕೆ ತಕ್ಕಂತೆಯೇ ಅದನ್ನು ಆರಿಸತಕ್ಕುದು. ಇದನ್ನು ಪಾಲಿಸುವುದಾದರೆ ದಪ್ಪಕ್ಕೆ ತೆಳುವನ್ನು ಕೂಡಿಸುವುದು ದೋಷವಲ್ಲ. ಬೀಳುತ್ತಿದ್ದ ಎಂ.ಸಿ.ಬಿ. ನಿಜವನ್ನೇ ನುಡಿಯುತ್ತಿದ್ದಿತು, ನಾವು ಅದರ ಬಾಯಿ ಕಟ್ಟಿದೆವು.

ಇನ್ನು ಗಂಟಿನ ವಿಚಾರ. ನಮ್ಮಲ್ಲಿ ತೆಳು ತಂತಿಯನ್ನು ದಪ್ಪ ತಂತಿಗೆ ಸುತ್ತಿ ಟೇಪು ಹಚ್ಚಿದ್ದರು. ದಪ್ಪದ್ದು ಬಾಗದು, ತೆಳುವಾದುದೊಂದೇ ಸುತ್ತಿಕೊಳ್ಳುವುದು. ಕಾದು ಆರಿ, ಕಾದು ಆರಿ ಅದು ಸಡಿಲವಾಗುತ್ತದೆ. ಸಡಿಲವಾದಷ್ಟೂ ಕಾವು ಹೆಚ್ಚು. ಎರಡನ್ನೂ ಒಂದೇ ರಂಧ್ರಕ್ಕೆ ತುರುಕಿ ತಿರುಪು ಬಿಗಿಯುವುದೂ ಅಷ್ಟೆ: ತಿರುಪು ದಪ್ಪದ್ದನ್ನು ಹಿಡಿದರೆ ತೆಳುವಾದುದು ಪಕ್ಕದಲ್ಲಿ ಜಾರುತ್ತದೆ. ತಂತಿ ತೂರದೆಂದು ಅದರ ಕೆಲವು ಎಳೆಗಳನ್ನೇ ಕತ್ತರಿಸುವವರೂ ಉಂಟು! ವ್ಯಾಕರಣದಲ್ಲಿ ಲೋಪಸಂಧಿ ಸಾಧು, ಇಲ್ಲಿ ಅಸಾಧು. ಒಂದೊಂದು ತಂತಿಯನ್ನೂ ಪ್ರತ್ಯೇಕವಾಗಿ ಕಚ್ಚಿಹಿಡಿಯುವ, ಸಣ್ಣ ಹಿಡಿಕೆಗಳುಳ್ಳ ಕನೆಕ್ಟರುಗಳು ಈಗ ದೊರೆಯುತ್ತವೆ. ಅವು ಎಷ್ಟು ದಪ್ಪದ ತಂತಿಗೆ, ಎಷ್ಟು ಆಂಪಿಯರಿಗೆ ತಕ್ಕವೆಂಬುದನ್ನು ನೋಡಿ ಕೊಳ್ಳಬೇಕು. ಹಳೆಯ ಮನೆಗಳ ಅಲ್ಯೂಮಿನಿಯಂ ತಂತಿಯನ್ನು ತಾಮ್ರಕ್ಕೆ ನೇರವಾಗಿ ಹೆಣೆಯಲೇ ಕೂಡದು. ಅದಕ್ಕೆಂದೇ ಮಾಡಿದ ಕನೆಕ್ಟರ್ ಬೇಕು. ಹಸುರು ಬಣ್ಣದ ಅರ್ತ್ ತಂತಿಯನ್ನೂ ಅಷ್ಟೇ ಭದ್ರವಾಗಿ ಕೂಡಿಸಬೇಕು.

ಈ ಕೆಲಸ ಪರವಾನಗಿಯುಳ್ಳವನದು, ನಮ್ಮದಲ್ಲ. ಆದರೂ ಅವನು ಮುಚ್ಚಳ ತೆಗೆಯುವ ಮುನ್ನ ಒಂದು ಮಾತನ್ನು ನೆನಪಿಸಬಹುದು: ಮನೆಯಲ್ಲಿ ಇನ್ವರ್ಟರ್ ಇದ್ದರೆ, ಮೈನ್ ಸ್ವಿಚ್ಚು ಆರಿಸಿದ ಮೇಲೂ ಕೆಲವು ತಂತಿಗಳಲ್ಲಿ ವಿದ್ಯುತ್ತು ಇರುತ್ತದೆ.

ಈಗ ನಮ್ಮಲ್ಲಿ ಗೀಸರಿಗೂ ಒಲೆಗೂ ಬೇರೆ ಬೇರೆ ದಪ್ಪ ತಂತಿಗಳು, ಬೇರೆ ಬೇರೆ ಎಂ.ಸಿ.ಬಿ.ಗಳು, ಹಳೆಯ ತಂತಿಗೆ ದೀಪಗಳು ಮಾತ್ರ, 10 ಆಂಪಿಯರಿನದೇ ಮರಳಿ ಬಂದಿದೆ. ಮೊನ್ನೆ ಸುಣ್ಣ ಬಳಿಯಲು ಬಂದವನು, ಗೋಡೆ ಅಂದವಾಗಿ ಕಾಣಲೆಂದು ಆ ಬಾಕ್ಸನ್ನು ಗಾರೆಯಿಂದ ಮುಚ್ಚಿಬಿಡಲು ಹೊರಟಿದ್ದನು. ಮನೆಯಾಕೆ ಓಡಿಬಂದು ತಡೆದರು.